ಅವನು ಡ್ಯೂಟಿಯಲ್ಲೇ ಇದ್ದ, ಹಾಗಂತ ಬರೆದುಕೊಡಿ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಪತ್ರಿಕೆಯ ಬೆಂಗಳೂರು ಪುಟದಲ್ಲಿ ಒಂದು ಪುಟ್ಟ ಸುದ್ದಿ ಬಂದಿತ್ತು. ರಿಂಗ್ ರೋಡಿನಲ್ಲಿ, ನಾಯಂಡಹಳ್ಳಿಗೆ ಸ್ವಲ್ಪ ಮುಂಚೆ, ಆಂಬುಲೆನ್ಸ್‌ಗೆ ಟಿಪ್ಪರ್ ಡಿಕ್ಕಿ ಹೊಡೆದು ಚಾಲಕನ ಸಹಾಯಕ ಸತ್ತ, ರೋಗಿ ಬದುಕಿದರು ಅಂತ. ಮೊದಲು ಅದನ್ನು ತಿದ್ದಬೇಕು. ಆ ಹುಡುಗ ಚಾಲಕನ ಸಹಾಯಕ ಆಗಿರಲಿಲ್ಲ. ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್ ಆಗಿದ್ದ. ಆಂಬುಲೆನ್ಸ್‌ನ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಸೇರುವ ತನಕ ಉಸಿರು, ನಾಡಿ, ಬಿಪಿ ನೋಡಿಕೊಳ್ಳುವ ಕೆಲಸ ಅವನದು. ಅದಕ್ಕಂತಲೇ ಓದಿ, ತರಬೇತಿ ಪಡೆದು ಬಂದವನು. ವಯಸ್ಸು 26.

ಅವನ ಹೆಸರು ಬರೆಯುತ್ತಿಲ್ಲ. ತಂಗಿ ಇನ್ನೂ ಓದುತ್ತಿದ್ದಾಳೆ, ಈಗ ಬೇಡ ಅಂತ ತಾಯಿ ಹೇಳಿದ್ದಾರೆ. ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಆಸ್ಪತ್ರೆ ಮತ್ತು ಏಜೆನ್ಸಿಯ ಹೆಸರನ್ನೂ ಬರೆಯುತ್ತಿಲ್ಲ, ಯಾಕೆಂದರೆ ಅವರ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ. ನಾನು ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಅವನು ಸತ್ತಿದ್ದು ಕೆಲಸದ ಮೇಲೆ. ಅದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳುವುದಕ್ಕೆ ಇವತ್ತಿಗೂ ಯಾರೂ ತಯಾರಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯೊಂದರ ಕ್ಯಾಷುಯಾಲ್ಟಿಯಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಈಗ ನಿವೃತ್ತಿ ಆಗಿದೆ. ಅವನನ್ನು ಮೊದಲು ನೋಡಿದ್ದು 2021ರಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಆ ಏಪ್ರಿಲ್, ಮೇ ತಿಂಗಳು ಈ ಊರಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲಾಗಿ ನಿಂತಿದ್ದವು. ನಮ್ಮ ಗೇಟಿನ ಮುಂದೆಯೂ ಅದೇ ಸಾಲು, ಒಳಗೆ ಬೆಡ್ ಇಲ್ಲ, ಹೊರಗೆ ಗಾಡಿಯಲ್ಲೇ ಆಕ್ಸಿಜನ್ ಹಾಕಿಕೊಂಡು ಜನ ಕಾಯುತ್ತಿದ್ದರು. ಇವನು ಆಗ ತಾನೇ ಕೆಲಸಕ್ಕೆ ಸೇರಿದ್ದ ಹುಡುಗ. ಪಿಪಿಇ ಕಿಟ್ ಒಳಗೆ ಬೆವರಿ ನೀರಾಗಿರುತ್ತಿದ್ದ. ಸಿಲಿಂಡರ್ ಮುಗಿಯುತ್ತಾ ಬಂದಾಗ ಬಂದು ಕೇಳುತ್ತಿದ್ದ, "ಸಿಸ್ಟರ್, ಇನ್ನು ಅರ್ಧ ಗಂಟೆ ಬರುತ್ತೆ ಅಷ್ಟೇ, ಏನ್ ಮಾಡ್ಲಿ?" ಕೂಗಾಡುತ್ತಿರಲಿಲ್ಲ. ಉಳಿದವರೆಲ್ಲ ಕೂಗಾಡುತ್ತಿದ್ದರು, ಕೂಗುವುದಕ್ಕೆ ಅವರಿಗೆ ಕಾರಣವೂ ಇತ್ತು. ಇವನು ಮಾತ್ರ ಎಷ್ಟು ನಿಮಿಷ ಉಳಿದಿದೆ ಅಂತ ಲೆಕ್ಕ ಹೇಳುತ್ತಿದ್ದ, ಆ ಲೆಕ್ಕದಿಂದ ನಮಗೆ ಯಾರನ್ನು ಮೊದಲು ಒಳಗೆ ತಗೋಬೇಕು ಅಂತ ಗೊತ್ತಾಗುತ್ತಿತ್ತು.

ಆಮೇಲೆಯೂ ಆಗಾಗ ಬರುತ್ತಿದ್ದ. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಮುಗಿದ ಮೇಲೆ ರೋಗಿಗಳನ್ನು ಸರ್ಕಾರಿ ಆಸ್ಪತ್ರೆಗೆ ಶಿಫ್ಟ್ ಮಾಡುತ್ತಾರಲ್ಲ, ಆ ಕೇಸುಗಳು ಜಾಸ್ತಿ. ಜೊತೆಗೆ ಬೈಕಿನಿಂದ ಬಿದ್ದವರು, ಪಾರ್ಶ್ವವಾಯು ಹೊಡೆದವರು, ಫಿಟ್ಸ್ ಬಂದವರು. ಅವನು ಕೇಸು ಒಪ್ಪಿಸುವ ರೀತಿ ನನಗೆ ಬಹಳ ಇಷ್ಟ. ಬಾಗಿಲಲ್ಲಿ ಸ್ಟ್ರೆಚರ್ ತಳ್ಳುತ್ತಲೇ ಶುರು ಮಾಡುತ್ತಿದ್ದ. "ಸಿಸ್ಟರ್, 54 ವರ್ಷ, ಶುಗರ್ ಇದೆ, ಎದೆನೋವು ಆರು ಗಂಟೆಯಿಂದ, ಬಿಪಿ 90 ಬೈ 60, ಆಸ್ಪಿರಿನ್ ಕೊಟ್ಟಿದೆ 7.40ಕ್ಕೆ." ಕೈಗವಸಿನ ಮೇಲೆ ಪೆನ್ನಿನಲ್ಲಿ ಟೈಮ್ ಬರೆದುಕೊಂಡಿರುತ್ತಿದ್ದ. ಕ್ಯಾಷುಯಾಲ್ಟಿಯಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಪಾರ್ಶ್ವವಾಯು ಆದವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಕೈ ಯಾವಾಗ ಸೋತಿತು, ಮಾತು ಯಾವಾಗ ತೊದಲಿತು ಅಂತ ಯಾರಾದರೂ ನೆಟ್ಟಗೆ ಕೇಳಿಕೊಂಡು ಬಂದಿರಬೇಕು. ಮನೆಯವರು ಗಾಬರಿಯಲ್ಲಿ ಬೆಳಗ್ಗೆ ಅಂತಾರೆ, ಇನ್ನೊಬ್ಬರು ರಾತ್ರಿಯೇ ಅಂತಾರೆ. ಅವರನ್ನು ಕೂರಿಸಿ, ಸಮಾಧಾನ ಮಾಡಿ, ಸರಿಯಾದ ಟೈಮ್ ತೆಗೆಸುವುದು ಸುಲಭದ ಕೆಲಸ ಅಲ್ಲ.

ಇನ್ನೊಂದು ಅಭ್ಯಾಸ ಇತ್ತು ಅವನಿಗೆ. ಮುಂದಿನ ಸಲ ಬಂದಾಗ ಹಿಂದಿನ ರೋಗಿಯ ಬಗ್ಗೆ ಕೇಳುತ್ತಿದ್ದ. "ಸಿಸ್ಟರ್, ಮೊನ್ನೆ ಲಗ್ಗೆರೆಯಿಂದ ತಂದಿದ್ವಲ್ಲ ಆ ಅಜ್ಜಿ, ಮನೆಗೆ ಹೋದ್ರಾ?" ಆಂಬುಲೆನ್ಸ್‌ನವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅವರು ತಂದು ಒಪ್ಪಿಸುತ್ತಾರೆ, ಸ್ಟ್ರೆಚರ್ ತೊಳೆದುಕೊಂಡು ಹೋಗುತ್ತಾರೆ, ಅಷ್ಟೇ. ಆ ಮನುಷ್ಯ ಬದುಕಿದನೋ ಸತ್ತನೋ ಅವರಿಗೆ ಗೊತ್ತಾಗುವುದೇ ಇಲ್ಲ. ಡಾಕ್ಟರಿಗೆ ರೋಗಿಯ ಮನೆಯವರು ಕೈಮುಗಿಯುತ್ತಾರೆ, ನಮಗೂ ಡಿಸ್ಚಾರ್ಜ್ ದಿನ ಒಂದು ಸ್ವೀಟ್ ಬಾಕ್ಸ್ ಬರುತ್ತದೆ. ಅವರಿಗೆ ಏನೂ ಇಲ್ಲ. ಹಾಗಾಗಿ ಅವನು ಕೇಳಿದಾಗಲೆಲ್ಲ ನಾನು ರಿಜಿಸ್ಟರ್ ತೆಗೆದು ನೋಡಿ ಹೇಳುತ್ತಿದ್ದೆ. ಒಳ್ಳೆಯ ಸುದ್ದಿ ಆದರೆ ಮುಖ ಅರಳುತ್ತಿತ್ತು. ಕೆಟ್ಟದಾದರೆ, "ನಾವು ಇನ್ನೊಂದು ಸ್ವಲ್ಪ ಬೇಗ ಬರಬೇಕಿತ್ತಾ ಸಿಸ್ಟರ್?" ಅನ್ನುತ್ತಿದ್ದ.

ಬೆಂಗಳೂರಿನಲ್ಲಿ ಈ ಕೆಲಸ ಎಂಥದ್ದು ಅಂತ ಓದುಗರಿಗೆ ಸ್ವಲ್ಪ ಹೇಳಬೇಕು. ಇಲ್ಲಿ 20x30 ಸೈಟಿನಲ್ಲಿ ನಾಲ್ಕು ಮಹಡಿ ಕಟ್ಟಿರುತ್ತಾರೆ, ಮೆಟ್ಟಿಲು ಹೊರಗಡೆ, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯೋಕಾಗಲ್ಲ. ಅಲ್ಲಿ ಸ್ಟ್ರೆಚರ್ ತಿರುಗುವುದೇ ಇಲ್ಲ. ರೋಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೆಡ್‌ಶೀಟಿನಲ್ಲಿ ಕಟ್ಟಿ, ಪೈಲಟ್ ಕೆಳಗೆ, ಇಎಂಟಿ ಮೇಲೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಬೇಕು. ಆಂಬುಲೆನ್ಸ್ ಓಡಿಸುವವರನ್ನು ಪೈಲಟ್ ಅಂತಲೇ ಕರೆಯುವುದು. ಇಬ್ಬರೇ ಇರುತ್ತಾರೆ. ಇಳಿಸಿದ ಮೇಲೆ ಬೀದಿ ಕೊನೆಯಲ್ಲಿ ನಿಲ್ಲಿಸಿದ ಗಾಡಿಯ ತನಕ ನಡೆಯಬೇಕು, ಯಾಕೆಂದರೆ ಎರಡೂ ಕಡೆ ಕಾರು ನಿಲ್ಲಿಸಿರುವ ಬೀದಿಗೆ ಆಂಬುಲೆನ್ಸ್ ಬರಲ್ಲ. ಇದನ್ನೆಲ್ಲ ಮಾಡಿ ಒಳಗೆ ಕೂತ ಕೂಡಲೇ ಕೈ ನಡುಗದ ಹಾಗೆ ಸೂಜಿ ಹಾಕಬೇಕು. ರಾತ್ರಿ 8ರಿಂದ ಬೆಳಗ್ಗೆ 8, ಹನ್ನೆರಡು ಗಂಟೆ ಶಿಫ್ಟ್. ಇವನಿಗೆ ಸಂಬಳ ಕೈಗೆ 17 ಸಾವಿರ ಬರುತ್ತಿತ್ತು. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಗಿದ್ದು 2008ರ ನವೆಂಬರ್ 1ರಂದು. ಅವತ್ತಿನಿಂದ ಈ ರಾಜ್ಯದ ಹಳ್ಳಿ ಹಳ್ಳಿಗೂ ಇಎಂಟಿ ಏನು ಮಾಡುತ್ತಾನೆ ಅಂತ ಗೊತ್ತಾಗಿದೆ, ಎಷ್ಟೋ ಮಕ್ಕಳು ಆ ಗಾಡಿಯಲ್ಲೇ ಹುಟ್ಟಿವೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ಆರೋಗ್ಯ ವೃತ್ತಿಪರರ ಕಾಯ್ದೆಯ ಪಟ್ಟಿಯಲ್ಲಿ ಇವರನ್ನೂ ಸೇರಿಸಿದ್ದಾರೆ. ಆದರೂ ಇವರು ಸತ್ತಾಗ ಸುದ್ದಿಯಲ್ಲಿ ಸಹಾಯಕ ಆಗಿಬಿಡುತ್ತಾರೆ.

ಆ ದಿನ ಏನಾಯಿತು ಅಂತ ನನಗೆ ಹೇಳಿದ್ದು ಆ ರೋಗಿಯ ಮಗಳು. ಹಾಲುತುಪ್ಪದ ದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ಆಕೆ ಇವನ ಮನೆ ಹುಡುಕಿಕೊಂಡು ಬಂದಿದ್ದಳು.

ಇವನ ಶಿಫ್ಟ್ ಬೆಳಗ್ಗೆ 8ಕ್ಕೆ ಮುಗಿಯಬೇಕಿತ್ತು. ಮುಂದಿನ ಶಿಫ್ಟಿಗೆ ಬರಬೇಕಾದ ರಿಲೀವರ್ ಬಂದಿರಲಿಲ್ಲ. ಮಾಗಡಿ ರಸ್ತೆ ಕಡೆಯ ಆ ಸಣ್ಣ ಆಸ್ಪತ್ರೆಗೆ ಆಕೆಯ ತಂದೆಯನ್ನು ಎದೆನೋವು ಅಂತ ಕರೆತಂದಿದ್ದರು. ಇಸಿಜಿ ನೋಡಿದ ಡಾಕ್ಟರು, ಇದು ಹಾರ್ಟ್ ಅಟ್ಯಾಕ್, ಇಲ್ಲಿ ಆಂಜಿಯೋಪ್ಲಾಸ್ಟಿ ಆಗಲ್ಲ, ತಕ್ಷಣ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಅಂದರು. ಅದು ಸರಿಯಾದ ಸಲಹೆಯೇ. ರೆಫರಲ್ ಚೀಟಿ ಬರೆದು ಟೈಮ್ ಹಾಕಿದ್ದಾರೆ, 8.25. ಎಮರ್ಜೆನ್ಸಿ ಡೆಸ್ಕಿನಿಂದ ಇವನನ್ನು ಕರೆದಿದ್ದಾರೆ. ಇವನು ಬಟ್ಟೆ ಬದಲಾಯಿಸುವುದಕ್ಕೆ ಹೊರಟಿದ್ದವನು ವಾಪಸ್ ಬಂದು ಗಾಡಿ ಹತ್ತಿದ.

ಹತ್ತಿದ ಕೂಡಲೇ ರೋಗಿಗೆ ಸ್ಟ್ರೆಚರ್ ಬೆಲ್ಟ್ ಬಿಗಿದಿದ್ದಾನೆ. ಮಗಳಿಗೆ, "ಅಕ್ಕಾ, ಬೆಲ್ಟ್ ಹಾಕ್ಕೊಳ್ಳಿ, ಬ್ರೇಕ್ ಹಾಕಿದ್ರೆ ಮುಂದೆ ಬೀಳ್ತೀರ" ಅಂದಿದ್ದಾನೆ. ಆಕೆಗೆ ಬಕಲ್ ಸಿಗದಿದ್ದಾಗ ತಾನೇ ಹಾಕಿದ್ದಾನೆ. ಸುಮನಹಳ್ಳಿ ದಾಟಿ, ನಾಗರಬಾವಿ ದಾಟಿ ರಿಂಗ್ ರೋಡಿನಲ್ಲಿ ಹೋಗುವಾಗ ತಂದೆಗೆ ಜೋರಾಗಿ ವಾಂತಿ ಆಯಿತು. ಅಂಗಾತ ಮಲಗಿದವರಿಗೆ ವಾಂತಿ ಆದರೆ ಅದು ಉಸಿರಿನ ದಾರಿಗೆ ಹೋಗುತ್ತದೆ, ಅಲ್ಲೇ ಜೀವ ಹೋಗಬಹುದು. ಕೂಡಲೇ ಮಗ್ಗುಲಿಗೆ ತಿರುಗಿಸಿ, ಹೀರಿ ತೆಗೆಯುವ ಸಕ್ಷನ್ ಪೈಪ್ ಹಾಕಿ ಬಾಯಿ ಸ್ವಚ್ಛ ಮಾಡಬೇಕು. ಅದನ್ನು ಬೆಲ್ಟ್ ಹಾಕಿಕೊಂಡು ಕೂತು ಮಾಡೋಕಾಗಲ್ಲ. ಇವನು ಎದ್ದು ನಿಂತ. ಸಿಗ್ನಲ್‌ನಲ್ಲಿ ಎಡಗಡೆಯಿಂದ ಟಿಪ್ಪರ್ ಬಂದಿದ್ದು ಆಗಲೇ.

ಬೆಲ್ಟ್ ಹಾಕಿದ್ದ ಮೂವರೂ ಉಳಿದರು. ಪೈಲಟ್‌ಗೆ ಪಕ್ಕೆಲುಬು ಮುರಿದಿದೆ, ಮಗಳಿಗೆ ಕೈ ಮುರಿದಿದೆ, ತಂದೆಯನ್ನು ಆ ದಾರಿಯಲ್ಲೇ ಬಂದ ಇನ್ನೊಂದು ಆಂಬುಲೆನ್ಸ್‌ನವರು ಜಯದೇವಕ್ಕೆ ಮುಟ್ಟಿಸಿದರು, ಸ್ಟೆಂಟ್ ಹಾಕಿದರು, ಈಗ ಮನೆಯಲ್ಲಿದ್ದಾರೆ. ನಿಂತಿದ್ದವನ ತಲೆ ಮೇಲಿನ ಕಬೋರ್ಡಿಗೆ ಬಡಿಯಿತು. ಅವನು ಎಂದಿನಂತೆ ಬಂದು ಕೇಳುವ ಹಾಗಿದ್ದರೆ ನಾನೇ ಹೇಳುತ್ತಿದ್ದೆ, ಆ ರೋಗಿ ಬದುಕಿದ್ದಾರೆ ಕಣಪ್ಪಾ, ನಿನ್ನ ಟೈಮ್ ಸರಿಯಾಗಿತ್ತು ಅಂತ.

ಇದು ಆ ಒಂದು ದಿನದ ದುರದೃಷ್ಟ ಅಂತ ಬಿಟ್ಟುಬಿಡಬೇಡಿ. ಆಂಬುಲೆನ್ಸ್ ಒಳಗೆ ಯಾರಾದರೂ ಹತ್ತಿ ನೋಡಿದರೆ ಗೊತ್ತಾಗುತ್ತದೆ. ಪಕ್ಕಕ್ಕೆ ಒಂದು ಉದ್ದ ಬೆಂಚು. ಎದುರಿಗೆ ಸ್ಟ್ರೆಚರ್. ಸುತ್ತ ಸಿಲಿಂಡರ್, ಮಾನಿಟರ್, ಕಬೋರ್ಡಿನ ಚೂಪು ಅಂಚುಗಳು. ಹೃದಯ ನಿಂತವರಿಗೆ ಎದೆ ಒತ್ತಬೇಕಾದರೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓಡುವ ಗಾಡಿಯಲ್ಲಿ, ಹಂಪು ಗುಂಡಿಗಳ ಮೇಲೆ, ಎರಡೂ ಕೈ ರೋಗಿಯ ಎದೆಯ ಮೇಲಿದ್ದರೆ ತಾನು ಏನು ಹಿಡಿದುಕೊಳ್ಳಬೇಕು? ನಮ್ಮ ದೇಶದಲ್ಲಿ ಆಂಬುಲೆನ್ಸ್ ಹೇಗೆ ಕಟ್ಟಬೇಕು ಅನ್ನುವುದಕ್ಕೆ ಎಐಎಸ್ 125 ಅನ್ನುವ ನಿಯಮಾವಳಿ ಇದೆ. ಸುಮ್ನೆ ರೋಗಿಯನ್ನು ಸಾಗಿಸುವ ಗಾಡಿ ಯಾವುದು, ಬೇಸಿಕ್ ಲೈಫ್ ಸಪೋರ್ಟ್ ಯಾವುದು, ಅಡ್ವಾನ್ಸ್‌ಡ್ ಯಾವುದು ಅಂತ ಅದರಲ್ಲಿ ಬೇರೆ ಬೇರೆ ವಿಂಗಡಿಸಿದ್ದಾರೆ. ಆದರೆ ಬೀದಿಯಲ್ಲಿ ನೋಡಿದರೆ ಹಳೇ ವ್ಯಾನಿಗೆ ಸೈರನ್ ಹಾಕಿ, ಒಂದು ಸ್ಟ್ರೆಚರ್ ಕೂರಿಸಿ ಓಡಿಸುವ ಗಾಡಿಗಳೂ ಇವೆ. ಒಳಗೆ ಇಎಂಟಿ ಇರುವುದೇ ಇಲ್ಲ ಎಷ್ಟೋ ಸಲ. ತಲೆಯ ಕಡೆ, ಹಿಂದಕ್ಕೆ ಮುಖ ಮಾಡಿ ಕೂರುವ, ಬೆಲ್ಟ್ ಇರುವ ಒಂದು ಸೀಟು ಇದ್ದು, ಅಲ್ಲಿಂದಲೇ ಸಕ್ಷನ್, ಆಕ್ಸಿಜನ್ ಕೈಗೆ ಸಿಗುವ ಹಾಗೆ ಜೋಡಿಸಿದರೆ ಅರ್ಧ ಕೆಲಸ ಕೂತೇ ಆಗುತ್ತದೆ. ಎದೆ ಒತ್ತುವುದಕ್ಕೆ ಯಂತ್ರಗಳೂ ಬಂದಿವೆ, ದುಬಾರಿ, ನಿಜ. ಕಬೋರ್ಡಿನ ಅಂಚಿಗೆ ಮೆತ್ತನೆಯ ಪಟ್ಟಿ ಹಾಕಿಸುವುದು ದುಬಾರಿ ಅಲ್ಲ.

2022ರ ಜುಲೈನಲ್ಲಿ ಬೈಂದೂರು ಹತ್ತಿರ ಶಿರೂರು ಟೋಲ್‌ನಲ್ಲಿ ಆದ ಅಪಘಾತ ನೆನಪಿರಬೇಕು. ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಟೋಲ್ ಕಂಬಕ್ಕೆ ಬಡಿದು ನಾಲ್ವರು ಸತ್ತರು. ಆ ಸಿಸಿಟಿವಿ ದೃಶ್ಯ ಇಡೀ ರಾಜ್ಯ ನೋಡಿತು, ಫೋನಿನಿಂದ ಫೋನಿಗೆ ಹೋಯಿತು. ಟೋಲ್ ಬಗ್ಗೆ ಮಾತಾಡಿದರು, ಮಲಗಿದ್ದ ದನದ ಬಗ್ಗೆ ಮಾತಾಡಿದರು. ಗಾಡಿಯ ಹಿಂಭಾಗದಲ್ಲಿ ಕೂತವರನ್ನು ಏನು ಹಿಡಿದಿಟ್ಟಿತ್ತು ಅನ್ನುವ ಮಾತು ಅಷ್ಟಾಗಿ ಬರಲಿಲ್ಲ.

ವೇಗದ ಬಗ್ಗೆಯೂ ಹೇಳಲೇಬೇಕು, ಇದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ರೋಗಿಯ ಕಡೆಯವರು ಪೈಲಟ್‌ನ ಹೆಗಲು ತಟ್ಟಿ, ಬೇಗ ಓಡ್ಸು, ಇನ್ನೂ ಬೇಗ ಅಂತ ಕಿರುಚುತ್ತಾರೆ. ಆ ಸಂಕಟ ನನಗೆ ಅರ್ಥ ಆಗುತ್ತದೆ, ದಿನಾ ನೋಡಿದ್ದೇನೆ. ಆದರೆ ಗಾಡಿ ಒಂದೇ ಸಮನೆ ಹೋದರೆ ಹಿಂದೆ ಇರುವವನು ಕೆಲಸ ಮಾಡಬಹುದು, ಎಳೆದು ಎಳೆದು ಬ್ರೇಕ್ ಹಾಕಿದರೆ ಅವನು ರೋಗಿಯನ್ನು ಬಿಟ್ಟು ಕಂಬಿ ಹಿಡಿಯಬೇಕಾಗುತ್ತದೆ. ಒಳ್ಳೆಯ ಇಎಂಟಿ ಇರುವ ಗಾಡಿಯಲ್ಲಿ ಚಿಕಿತ್ಸೆ ಆಗಲೇ ಶುರು ಆಗಿರುತ್ತದೆ. ಕೆಂಪು ಸಿಗ್ನಲ್ ದಾಟುವ ಮುಂಚೆ ಎರಡು ಸೆಕೆಂಡ್ ನಿಂತು ನೋಡಿದರೆ ರೋಗಿಗೆ ಏನೂ ಆಗಲ್ಲ. ಆ ಟಿಪ್ಪರ್‌ನವನಿಗೆ ಹಸಿರು ಇತ್ತಂತೆ, ಸೈರನ್ ಕೇಳಿಸಲಿಲ್ಲ ಅಂತ ಹೇಳಿದ್ದಾನೆ. ಅವನೊಬ್ಬನ ಮೇಲೆ ಎಲ್ಲ ಹೊರಿಸಿ ನಾನು ಸಮಾಧಾನ ಪಡಲಾರೆ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿ ಪ್ರಕಾರ 10 ಸಾವಿರ ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಬೆಂಗಳೂರಿನ ಜನ ದಾರಿ ಬಿಡುವುದಿಲ್ಲ ಅಂತಲೂ ನಾನು ಹೇಳಲ್ಲ, ಬಿಡುತ್ತಾರೆ, ಪಾಪ ಇರುವ ಎರಡು ಅಡಿಯಲ್ಲೇ ಸರಿದು ಬಿಡುತ್ತಾರೆ. ಆದರೆ ಆಂಬುಲೆನ್ಸ್ ಬಾಲ ಹಿಡಿದು ನುಗ್ಗುವ ಬೈಕುಗಳು, ಕಾರುಗಳು ಇವೆಯಲ್ಲ, ಅವರಿಂದಾಗಿ ಪೈಲಟ್‌ಗೆ ನಿಧಾನ ಮಾಡೋಕೂ ಹೆದರಿಕೆ. ದಯವಿಟ್ಟು ಅದನ್ನು ನಿಲ್ಲಿಸಿ.

2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ 40 ದಿನದ ಮಗುವನ್ನು ಝೀರೋ ಟ್ರಾಫಿಕ್‌ನಲ್ಲಿ ಬೆಂಗಳೂರಿಗೆ ತಂದಾಗ ಊರೂರಲ್ಲಿ ಜನ ರಸ್ತೆ ಬದಿ ನಿಂತು ದಾರಿ ಮಾಡಿಕೊಟ್ಟರು. ಕಣ್ಣಲ್ಲಿ ನೀರು ಬಂದಿತ್ತು ನನಗೆ. ಆ ಮನಸ್ಸು ನಮ್ಮಲ್ಲಿದೆ. ಅದರಲ್ಲಿ ಒಂದು ಪಾಲು ದಿನನಿತ್ಯದ ಆಂಬುಲೆನ್ಸ್‌ಗೆ, ಅದರ ಹಿಂದೆ ನಿಂತ ಹುಡುಗರಿಗೆ ಸಿಗಬೇಕು.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಇವನ ತಂದೆ ಇಲ್ಲ. ಕುಣಿಗಲ್ ಕಡೆಯ ಊರು. ತಾಯಿ ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಗಾರ್ಮೆಂಟ್ಸ್ ಹೆಂಗಸರಿಗೆ ಇಎಸ್‌ಐ, ಅದೇ ನೌಕರರ ರಾಜ್ಯ ವಿಮೆ, ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಗನ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಟ್ ಆಗಿರುವುದನ್ನು ಅವರೇ ನೋಡಿ, ಏಜೆನ್ಸಿಗೆ ಹೋಗಿ, ಅಪಘಾತದ ವರದಿ ಕಳಿಸಿ ಅಂತ ಕೇಳಿದ್ದಾರೆ. ಕೆಲಸದ ಮೇಲೆ ಸತ್ತರೆ ಮಗನನ್ನೇ ನಂಬಿದ್ದ ತಾಯಿಗೆ ಇಎಸ್‌ಐನಿಂದ ತಿಂಗಳ ಪಿಂಚಣಿ ಬರುತ್ತದೆ. ಅದಕ್ಕೆ ಕೆಲಸ ಕೊಟ್ಟವರು ಅಪಘಾತದ ವರದಿ ಕಳಿಸಬೇಕು. ಏಜೆನ್ಸಿಯವರು ಏನು ಹೇಳಿದರು ಗೊತ್ತೇ? ರೋಸ್ಟರ್ ಪ್ರಕಾರ ನಿಮ್ಮ ಮಗನ ಡ್ಯೂಟಿ 8ಕ್ಕೆ ಮುಗಿದಿದೆ, ಅಪಘಾತ ಆಗಿದ್ದು 8.50ಕ್ಕೆ, ಹಾಗಾಗಿ ಇದು ಡ್ಯೂಟಿ ಮೇಲಿನ ಸಾವು ಅಂತ ಬರೆದುಕೊಡೋಕಾಗಲ್ಲ ಅಂತ. ಆಸ್ಪತ್ರೆಯವರನ್ನು ಕೇಳಿದರೆ, ಅವನು ನಮ್ಮ ನೌಕರ ಅಲ್ಲ, ಏಜೆನ್ಸಿಯವನು ಅಂದರು. ಎಫ್‌ಐಆರ್‌ನಲ್ಲಿ ನೋಡಿದರೆ ಆಂಬುಲೆನ್ಸ್‌ನಲ್ಲಿ ಪ್ರಯಾಣ ಮಾಡುತ್ತಿದ್ದ ವ್ಯಕ್ತಿ ಅಂತ ಇದೆ.

ತಾಯಿ ನನ್ನ ಹತ್ತಿರ ಅಳಲಿಲ್ಲ. ಒಂದೇ ಮಾತು ಕೇಳಿದರು. "ಎಂಟಕ್ಕೆ ಡ್ಯೂಟಿ ಮುಗೀತು ಅಂತಾರಲ್ಲಕ್ಕಾ, ಹಂಗಾದ್ರೆ ಎಂಟೂವರೆಗೆ ನನ್ ಮಗನ್ನ ಆ ಗಾಡಿ ಹತ್ಸಿದ್ದು ಯಾರು?"

ಉತ್ತರ ಅವರದೇ ಕಾಗದದಲ್ಲಿದೆ. ರೆಫರಲ್ ಚೀಟಿಯ ಮೇಲೆ 8.25 ಅಂತ ಆ ಆಸ್ಪತ್ರೆಯ ಡಾಕ್ಟರೇ ಬರೆದಿದ್ದಾರೆ, ಅದು ರೋಗಿಯ ಮಗಳ ಹತ್ತಿರ ಭದ್ರವಾಗಿದೆ. ಆಂಬುಲೆನ್ಸ್ ಹೊರಟ ಟೈಮ್ ಗೇಟಿನ ರಿಜಿಸ್ಟರ್‌ನಲ್ಲಿದೆ. ಶಿಫ್ಟಿಂಗ್ ಚಾರ್ಜ್ ಅಂತ ದುಡ್ಡು ಕಟ್ಟಿಸಿಕೊಂಡ ರಸೀದಿ ಇದೆ. ಗಾಡಿ ಅವರದು, ರೋಗಿ ಅವರ ರೋಗಿ, ಕಳಿಸಿದ್ದು ಅವರ ಡೆಸ್ಕು. ಒಳಗಿದ್ದ ಹುಡುಗ ಮಾತ್ರ ಯಾರವನೂ ಅಲ್ಲ ಅಂದರೆ ಹೇಗೆ? ಇನ್ನೊಂದು ವಿಷಯ ಓದುಗರಿಗೆ ತಿಳಿದಿರಲಿ. ಇಎಸ್‌ಐ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು, ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆಗುವ ಅಪಘಾತವನ್ನೂ ಕೆಲಸಕ್ಕೆ ಸಂಬಂಧ ಇದ್ದರೆ ಕೆಲಸದ ಅಪಘಾತ ಅಂತಲೇ ಪರಿಗಣಿಸಬೇಕು ಅಂತ ಮಾಡಿದ್ದಾರೆ. ಇವನು 8ಕ್ಕೆ ಸೈನ್ ಮಾಡಿ, ಬಸ್ ಹತ್ತಿ ಮನೆಗೆ ಹೋಗುವಾಗ ಸತ್ತಿದ್ದರೂ ಕಾನೂನಿನಲ್ಲಿ ಕೇಳುವುದಕ್ಕೆ ದಾರಿ ಇತ್ತು. ರೋಗಿಯ ಬಾಯಿಗೆ ಸಕ್ಷನ್ ಹಾಕುತ್ತಾ ಸತ್ತಿದ್ದಕ್ಕೆ ಇಲ್ಲ ಅನ್ನುತ್ತಿದ್ದಾರೆ.

ಇದೇ ಕೆಲಸದಲ್ಲಿ ಇರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ರಿಲೀವರ್ ಬರದೆ ನೀವು ಮುಂದುವರಿದರೆ, ಹೊರಡುವ ಮುಂಚೆ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ, ಇಂಥ ಟೈಮಿಗೆ, ಇಂಥವರು ಹೇಳಿದ್ದಕ್ಕೆ ಹೋಗುತ್ತಿದ್ದೇನೆ ಅಂತ. ಸಂಬಳದ ಚೀಟಿ ಮನೆಯವರಿಗೆ ಕೊಟ್ಟಿಡಿ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇದ್ದರೆ ನೀವು ಇಎಸ್‌ಐ ಒಳಗೆ ಬರುತ್ತೀರಿ, ನಂಬರ್ ಕೇಳಿ ಇಟ್ಟುಕೊಳ್ಳಿ. ಪಿಎಫ್ ಕಟ್ಟುತ್ತಿದ್ದರೆ ಅದರ ಜೊತೆ ಇಡಿಎಲ್‌ಐ ಅನ್ನುವ ವಿಮೆಯೂ ಇರುತ್ತದೆ, 7 ಲಕ್ಷದವರೆಗೆ ಬರುತ್ತದೆ. ನೌಕರಿಯಲ್ಲಿ ಇರುವಾಗ ಸತ್ತರೆ ಸಾಕು, ಎಲ್ಲಿ ಹೇಗೆ ಅಂತ ಕೇಳಲ್ಲ. ನಾಮಿನಿ ಹೆಸರು ತುಂಬಿದ್ದೀರಾ ಅಂತ ಇವತ್ತೇ ನೋಡಿ. ಇವನು ತುಂಬಿದ್ದ. ಅಷ್ಟು ಅಚ್ಚುಕಟ್ಟು.

ನಮ್ಮ ಸರ್ಕಾರಕ್ಕೆ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಉದಾಹರಣೆಗಳಿವೆ. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾದರೂ ಕಣ್ಣು ದಾನ ಮಾಡಿ ಅಂತ ಕೇಳಿಕೊಂಡ ಹರೀಶ್ ಅವರ ಹೆಸರಿನಲ್ಲಿ ಸಾಂತ್ವನ ಹರೀಶ್ ಯೋಜನೆ ಬಂತು. ಅಪಘಾತ ಆದವರಿಗೆ ಮೊದಲ 48 ಗಂಟೆ 25 ಸಾವಿರದವರೆಗೆ ಉಚಿತ ಚಿಕಿತ್ಸೆ ಅಂತ ಆಗ ಮಾಡಿದ್ದರು. ಊಟ ತಲುಪಿಸುವ ಹುಡುಗರಿಗೆ ರಾಜ್ಯ ಸರ್ಕಾರ ಅಪಘಾತ ವಿಮೆ, ಜೀವ ವಿಮೆ ಸೇರಿ 4 ಲಕ್ಷದ ರಕ್ಷಣೆ ಕೊಟ್ಟಿದೆ, ಬಹಳ ಒಳ್ಳೆಯ ಕೆಲಸ. ಕೋವಿಡ್ ಸಮಯದಲ್ಲಿ ಆರೋಗ್ಯ ಸಿಬ್ಬಂದಿಗೆ ಕೇಂದ್ರದವರು 50 ಲಕ್ಷದ ವಿಮೆ ಮಾಡಿದ್ದರು, ಗುತ್ತಿಗೆಯವರನ್ನೂ ಸೇರಿಸಿದ್ದರು. ಕೋವಿಡ್ ಹೋಯಿತು, ಆ ವಿಮೆಯೂ ಹೋಯಿತು. ರಸ್ತೆ ಮಾತ್ರ ಹಾಗೇ ಇದೆ, ಆಂಬುಲೆನ್ಸ್‌ನವರು ಹಾಗೇ ಓಡಾಡುತ್ತಿದ್ದಾರೆ.

ಪ್ರತಿ ವರ್ಷ ಅಕ್ಟೋಬರ್ 21ರಂದು ಮೈಸೂರು ರಸ್ತೆಯ ಸಿಎಆರ್ ಮೈದಾನದಲ್ಲಿ ಆ ವರ್ಷ ಕರ್ತವ್ಯದಲ್ಲಿ ಸತ್ತ ಪೊಲೀಸರ ಹೆಸರು ಓದುತ್ತಾರೆ. 1959ರಲ್ಲಿ ಲಡಾಖ್‌ನಲ್ಲಿ ಸತ್ತ ಹತ್ತು ಜನ ಪೊಲೀಸರ ನೆನಪಿಗೆ ಶುರುವಾದ ಪದ್ಧತಿ ಅದು. ಸೆಪ್ಟೆಂಬರ್ 11ಕ್ಕೆ ಮಲ್ಲೇಶ್ವರದ ಅರಣ್ಯ ಭವನದಲ್ಲಿ ಅರಣ್ಯ ಹುತಾತ್ಮರನ್ನು ನೆನೆಯುತ್ತಾರೆ, ಅಧಿಕಾರಿಗಳಿಂದ ಕಾವಲುಗಾರರವರೆಗೆ. ಆಂಬುಲೆನ್ಸ್‌ನವರಿಗೂ ಏಪ್ರಿಲ್ 2 ಇಎಂಟಿ ದಿನ ಅಂತ ಇದೆ, ಮೇ 26 ಪೈಲಟ್ ದಿನ. ಕೇಕ್ ಕತ್ತರಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆ ಮಕ್ಕಳಿಗೆ ಒಂದು ದಿನದ ಖುಷಿ ಬೇಕು, ಬೇಡ ಅನ್ನಲ್ಲ. ಆ ದಿನ ಕರ್ತವ್ಯದಲ್ಲಿ ಸತ್ತವರ ಹೆಸರನ್ನೂ ಓದಿ ಅಂತ ಆರೋಗ್ಯ ಇಲಾಖೆಯನ್ನು ಕೇಳುತ್ತೇನೆ. 108 ಆಗಿರಲಿ, ಖಾಸಗಿ ಆಸ್ಪತ್ರೆ ಆಗಿರಲಿ, ಟ್ರಸ್ಟಿನ ಗಾಡಿ ಆಗಿರಲಿ, ಏಜೆನ್ಸಿ ಆಗಿರಲಿ, ಒಂದೇ ಪಟ್ಟಿ. ಪಟ್ಟಿ ಮಾಡಬೇಕಾದರೆ ಮೊದಲು ಪ್ರತಿ ಸಾವನ್ನೂ ದಾಖಲು ಮಾಡಬೇಕಾಗುತ್ತದೆ. ಯಾರು, ಎಷ್ಟು ಗಂಟೆ ಕೆಲಸ ಮಾಡಿದ ಮೇಲೆ, ಗಾಡಿಯಲ್ಲಿ ಎಲ್ಲಿ ಕೂತಿದ್ದಾಗ ಅಥವಾ ನಿಂತಿದ್ದಾಗ ಅಂತ ಬರೆಯಬೇಕಾಗುತ್ತದೆ. ಅದನ್ನು ಬರೆದಿಟ್ಟರೆ ಸೀಟು, ಬೆಲ್ಟು, ಶಿಫ್ಟು ಎಲ್ಲದರ ಬಗ್ಗೆ ಮಾತಾಡುವುದಕ್ಕೆ ಆಧಾರ ಸಿಗುತ್ತದೆ. ಮತ್ತೆ ಆಂಬುಲೆನ್ಸ್‌ಗೆ ರಿಜಿಸ್ಟ್ರೇಷನ್ ಕೊಡುವಾಗ, ಒಳಗೆ ಕೆಲಸ ಮಾಡುವವರಿಗೆ ಇಎಸ್‌ಐ ಅಥವಾ ಅಪಘಾತ ವಿಮೆ ಇದೆಯಾ ಅಂತ ಸಾರಿಗೆ ಇಲಾಖೆಯವರು ಒಂದು ಕಾಗದ ಕೇಳಲಿ. ಗಾಡಿಗೆ ವಿಮೆ ಇಲ್ಲದೆ ರಸ್ತೆಗೆ ಬಿಡಲ್ಲ, ಅಲ್ವಾ?

ಕೊನೆಯದಾಗಿ ಒಂದು ಸಹಾಯ ಬೇಕು. ಆ ಸುದ್ದಿ ಬಂದ ಹಿಂದಿನ ದಿನ, ಸೋಮವಾರ ಬೆಳಗ್ಗೆ 8.50ರ ಸುಮಾರಿಗೆ, ಆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ರೋಗಿಯ ಸ್ಟ್ರೆಚರ್ ಎತ್ತಿದ ಇಬ್ಬರು ಗಂಡಸರಿದ್ದರು. ಹೂವಿನ ಬುಟ್ಟಿ ಕೆಳಗಿಟ್ಟು ಮಗಳನ್ನು ಹಿಡಿದು ಕೂರಿಸಿದ ಒಬ್ಬ ಹೆಂಗಸಿದ್ದರು. ನಿಮಗೆ ಆ ಕುಟುಂಬದ ಪರವಾಗಿ ಕೈಮುಗಿಯುತ್ತೇನೆ. ನೀವು ಅಂದು ಕಂಡಿದ್ದನ್ನು, ಅವನ ಕೈಯಲ್ಲಿ ಸಕ್ಷನ್ ಪೈಪ್ ಇತ್ತು, ಯೂನಿಫಾರ್ಮ್ ಹಾಕಿದ್ದ ಅನ್ನುವುದನ್ನು, ಹೇಳಿದರೆ ತಾಯಿಗೆ ಬಹಳ ಉಪಕಾರ ಆಗುತ್ತದೆ. ಹೆದರಬೇಡಿ. ಅಪಘಾತದಲ್ಲಿ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯಲ್ಲೇ 2019ರಲ್ಲಿ ಸೇರಿಸಿದ್ದಾರೆ, ನಮ್ಮ ರಾಜ್ಯದಲ್ಲೂ ಇದಕ್ಕೆ ಬೇರೆ ಕಾಯ್ದೆ ಇದೆ. ಯಾರದ್ದಾದರೂ ಕಾರಿನ ಕ್ಯಾಮೆರಾದಲ್ಲಿ ಆ ದೃಶ್ಯ ಸಿಕ್ಕಿದ್ದರೆ ಅಳಿಸಬೇಡಿ. ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ, ಸಂಪಾದಕರು ನನಗೆ ತಲುಪಿಸುತ್ತಾರೆ ಅಂತ ನಂಬಿದ್ದೇನೆ. ಮುಂದಿನ ವಾರ ತಾಯಿಯ ಜೊತೆ ಇಎಸ್‌ಐ ಕಚೇರಿಗೆ ನಾನೂ ಹೋಗುತ್ತಿದ್ದೇನೆ. ರೆಫರಲ್ ಚೀಟಿಯ ಜೆರಾಕ್ಸ್ ಜೊತೆಗೆ ನಿಮ್ಮ ಮಾತೂ ಇದ್ದರೆ ಒಳ್ಳೆಯದು.

ಇತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ವಿಜಯನಗರ, ಬೆಂಗಳೂರು